ಹೊಗೆಸೊಪ್ಪು ಬಿಡಲು ಹಲ್ಲಿನ ಡಾಕ್ಟರ ನೆರವು



ಇದುವರೆಗೆ ನಾನು ಈ ಕಾರ್ಯಕ್ರಮದಲ್ಲಿ ರಾಗಿ, ಅವರೆ, ಮುಸುಕಿನ ಜೋಳ, ಮಣ್ಣಿನ ಪರೀಕ್ಷೆ, ಇಂತಹ ವಿಷಯಗಳನ್ನು ಕುರಿತು ನಿಮ್ಮೊಡನೆ ಮಾತನಾಡಿದ್ದೇನೆ. ಈ ದಿನ ಬಾಯಿ ಹಲ್ಲುಗಳ ವಿಚಾರ ಎತ್ತಿದ್ದೇನೆ. ಬೇಸಾಯದ ಇಲಾಖೆಯವನಿಗೆ ಇದೆಲ್ಲ ಯಾಕಪ್ಪಾ ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ನಾನು ಕೃಷಿ ಡಿಪ್ಲೊಮಾ ಓದಿದವನೇ ಹೊರತು ವೈದ್ಯನಲ್ಲ. ಆದರೆ ಏಳು ವರ್ಷ ಕಾಲ ಕಡ್ಡಿಪುಡಿ ಹಾಕಿದವನು, ಒಂದು ಸಾರಿ ಬಿಟ್ಟು ಮತ್ತೆ ಹಿಡಿದವನು, ಕೊನೆಗೆ ಒಬ್ಬ ಹಲ್ಲಿನ ಡಾಕ್ಟರ ಸಹಾಯದಿಂದ ಬಿಟ್ಟವನು. ನನಗೆ ಆದ ಉಪಕಾರ ನಿಮಗೂ ಆಗಲಿ ಎಂದು ಈ ನಾಲ್ಕು ಮಾತು.

ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ ಕಡೆಯ ಎಷ್ಟೋ ಸಂಸಾರಗಳು ಹೊಗೆಸೊಪ್ಪು ಬೆಳೆದು ಮಕ್ಕಳನ್ನು ಓದಿಸಿವೆ, ಮದುವೆ ಮಾಡಿವೆ. ಅತ್ತ ನಿಪ್ಪಾಣಿ ಕಡೆ ಬೀಡಿ ಸೊಪ್ಪು ಬೆಳೆಯುತ್ತಾರೆ. ಆ ಬೆಳೆಯ ವಿಚಾರ ಬೇರೆ, ಅದನ್ನು ಇನ್ನೊಂದು ದಿನ ಮಾತನಾಡೋಣ. ಈ ಹೊತ್ತು ನಾನು ಹೇಳುವುದು ಹೊಲದ ಸೊಪ್ಪಿನ ಮಾತಲ್ಲ, ಬಾಯಿಗೆ ಹೋಗುವ ಸೊಪ್ಪಿನ ಮಾತು.

ಹೊಗೆಸೊಪ್ಪಿನಲ್ಲಿ ನಿಕೋಟಿನ್ ಎಂಬ ವಿಷವಸ್ತು ಇದೆ. ಇದರ ಪರಿಚಯ ನಿಮಗೆ ನನಗಿಂತ ಚೆನ್ನಾಗಿಯೇ ಇದೆ. ಮಳೆಯಲ್ಲಿ, ಇಬ್ಬನಿಯಲ್ಲಿ ಒದ್ದೆ ಸೊಪ್ಪು ಮುರಿದವರಿಗೆ ಸಂಜೆ ಹೊತ್ತಿಗೆ ತಲೆ ಸುತ್ತು, ಹೊಟ್ಟೆ ತೊಳಸು, ವಾಂತಿ ಬರುವುದನ್ನು ಕಂಡಿದ್ದೀರಷ್ಟೆ. ಅದು ದೃಷ್ಟಿಯೂ ಅಲ್ಲ, ಪಿತ್ತವೂ ಅಲ್ಲ. ಸೊಪ್ಪಿನ ನೀರಿನಲ್ಲಿ ಇಳಿದ ನಿಕೋಟಿನ್ ಅಂಗೈಯ ಚರ್ಮದ ಮೂಲಕ ರಕ್ತಕ್ಕೆ ಸೇರಿದ್ದರ ಫಲ. ಹಿಂದಿನವರು ಹೊಗೆಸೊಪ್ಪಿನ ಕಷಾಯ ಕಾಯಿಸಿ ಹೇನು ಬಿದ್ದ ಗಿಡಕ್ಕೆ ಎರಚುತ್ತಿದ್ದುದೂ ಇದೇ ಗುಣದಿಂದ. ಗಟ್ಟಿ ಅಂಗೈಯ ಚರ್ಮವನ್ನೇ ದಾಟುವ ವಸ್ತು, ಮೃದುವಾದ ಕೆನ್ನೆಯ ಒಳಗೆ ಅರ್ಧ ಗಂಟೆ ಕೂತರೆ ಏನಾದೀತು, ನೀವೇ ಯೋಚನೆ ಮಾಡಿ. ಜೊತೆಗೆ ಸುಣ್ಣ ಬೆರೆಸಿದರೆ ಅದು ಇನ್ನೂ ಬೇಗ ಒಳಕ್ಕೆ ಇಳಿಯುತ್ತದೆ.

ನಿಕೋಟಿನ್ ಮಿದುಳನ್ನು ಮುಟ್ಟಿದಾಗ ಒಂದು ಬಗೆಯ ಹಾಯ್ ಎನ್ನಿಸುತ್ತದೆ. ದಿನ ಕಳೆದಂತೆ ಮಿದುಳು ಅದಕ್ಕೆ ಒಗ್ಗಿಕೊಳ್ಳುತ್ತದೆ. ಸುಮಾರು ಎರಡು ಗಂಟೆಗೊಮ್ಮೆ ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯುತ್ತದೆ. ಇಳಿದಾಗ ಸಿಡಿಮಿಡಿ, ತಲೆನೋವು, ಕೈಗೆ ಕೆಲಸ ಹತ್ತದು. ಮತ್ತೊಂದು ಚಿಟಿಕೆ ಬಿದ್ದರೆ ಸಮಾಧಾನ. ಹೀಗೆ ಅಭ್ಯಾಸ ಬೇರು ಬಿಡುತ್ತದೆ. ಇದು ಮನುಷ್ಯನ ಕೆಟ್ಟತನವಲ್ಲ, ಹೇಡಿತನವೂ ಅಲ್ಲ, ಶರೀರಕ್ಕೆ ಅಂಟಿದ ಒಂದು ರೋಗ. ಆದರೆ ಕ್ಯಾನ್ಸರ್ ತರುವುದರಲ್ಲಿ ಮುಖ್ಯ ಪಾತ್ರ ಸೊಪ್ಪಿನಲ್ಲಿ ಮತ್ತು ಹೊಗೆಯಲ್ಲಿ ಇರತಕ್ಕ ಬೇರೆ ರಾಸಾಯನಿಕಗಳದು. ನಿಕೋಟಿನ್ ಕಟ್ಟಿಹಾಕುವ ಹಗ್ಗವಿದ್ದಂತೆ. ಕೊಲ್ಲುವ ಕೆಲಸವನ್ನು ಅದರ ಜೊತೆಗಾರರು ಮಾಡುತ್ತಾರೆ. ಈ ಭೇದ ನೆನಪಿರಲಿ, ಮುಂದೆ ಔಷಧದ ಮಾತು ಬಂದಾಗ ಬೇಕಾಗುತ್ತದೆ.

ಈಗ ನಮ್ಮ ಮನೆಯ ಒಂದು ಸಂಗತಿ ಹೇಳಬೇಕು.

ನನಗೆ ನೇಗಿಲು ಹಿಡಿಯುವುದನ್ನು ಕಲಿಸಿದವರು ನಮ್ಮ ಚಿಕ್ಕಪ್ಪ. ಎಲೆಯಡಿಕೆ ಜೊತೆ ಹೊಗೆಸೊಪ್ಪು ಹಾಕುತ್ತಿದ್ದರು. ಎಡಗೆನ್ನೆಯ ಒಳಗೆ ಒಂದು ಹುಣ್ಣಾಯಿತು. ಎರಡು ಸಾರಿ ಆಸ್ಪತ್ರೆಗೆ ಹೋದರು. ಎರಡು ಸಾರಿಯೂ ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಬೆಳಕು ಹಿಡಿದು ಬಾಯೊಳಗೆ ನೋಡಲಿಲ್ಲ. ಎರಡನೆಯ ಸಾರಿ, ಹತ್ತು ಜನರ ಮುಂದೆ, "ಹೊಗೆಸೊಪ್ಪು ತುಂಬಿಕೊಂಡು ಬಂದರೆ ಇನ್ನೇನಾಗತ್ತಯ್ಯಾ, ಅನುಭವಿಸು" ಎಂದರಂತೆ. ಚಿಕ್ಕಪ್ಪ ಮಾನಸ್ಥ. ಆಮೇಲೆ ಎಂಟು ತಿಂಗಳು ಯಾವ ಡಾಕ್ಟರ ಮುಖವನ್ನೂ ನೋಡಲಿಲ್ಲ, ಮನೆಯಲ್ಲಿ ಹುಣ್ಣಿನ ಸುದ್ದಿಯನ್ನೂ ಎತ್ತಲಿಲ್ಲ. ಕಡೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗುವ ಹೊತ್ತಿಗೆ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಯಿತು. ಅಂಬಲಿ ಕುಡಿದುಕೊಂಡು ಹದಿನಾಲ್ಕು ತಿಂಗಳು ಇದ್ದರು.

ಇದನ್ನೆಲ್ಲ ಕಣ್ಣಾರೆ ಕಂಡ ನಾನು ಅಂದೇ ಬಿಡಬೇಕಿತ್ತಲ್ಲವೆ? ಬಿಡಲಿಲ್ಲ. ಚಿಕ್ಕಪ್ಪನ ತಿಥಿಯ ದಿನ, ಊಟವಾದ ಮೇಲೆ, ಹಿತ್ತಲಿಗೆ ಹೋಗಿ ಕಡ್ಡಿಪುಡಿ ಹಾಕಿಕೊಂಡೆ. ನಾಚಿಕೆಯಾದರೂ ಹೇಳುತ್ತಿದ್ದೇನೆ. ಏಕೆಂದರೆ ತಿಳಿವಳಿಕೆ ಇದ್ದ ಮಾತ್ರಕ್ಕೆ ಬಿಡಲಾಗುವುದಿಲ್ಲ, ಹೆದರಿಕೆಯೊಂದರಿಂದಲೇ ಬಿಡಲಾಗುವುದಿಲ್ಲ. ಜೊತೆಗೆ ನಿಲ್ಲುವವರು ಒಬ್ಬರು ಬೇಕು.

ಅಂಥವರು ನನಗೆ ಸಿಕ್ಕಿದ್ದು ಒಂದು ದವಡೆ ಹಲ್ಲಿನ ನೋವಿನ ದೆಸೆಯಿಂದ. ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರಮ್ಮ ಹಲ್ಲು ನೋಡುವ ಮೊದಲೇ ಕೇಳಿದರು: "ಹೊಗೆಸೊಪ್ಪು, ಬೀಡಿ, ಗುಟ್ಕಾ, ಏನಾದರೂ ಉಂಟೋ?" ನಾನು "ಯಾವಾಗಲಾದರೂ ಒಂದೊಂದು ಸಲ" ಎಂದೆ. ಆಕೆ ಏನೂ ಅನ್ನದೆ ಕೈಗೆ ಒಂದು ಕನ್ನಡಿ ಕೊಟ್ಟು, ಕೆಳದುಟಿಯನ್ನು ಕೆಳಗೆ ಎಳೆದು ತೋರಿಸಿದರು. ನಾನು ಪುಡಿ ಇಡುತ್ತಿದ್ದ ಜಾಗದಲ್ಲೇ, ಹೆಬ್ಬೆರಳಿನ ಉಗುರಿನಷ್ಟು ಅಗಲ, ಸುಕ್ಕುಗಟ್ಟಿದ ಬಿಳಿ ಮಚ್ಚೆ. ಒರೆಸಿದರೆ ಹೋಗದು. "ಇದು ಕ್ಯಾನ್ಸರ್ ಅಲ್ಲ. ಆದರೆ ಇಂಥವುಗಳಲ್ಲಿ ಕೆಲವು ಮುಂದೆ ಕ್ಯಾನ್ಸರ್ ಆಗುತ್ತವೆ. ಈಗ ಬಿಟ್ಟರೆ ಇದು ಹೋಗುವ ಸಂಭವ ಹೆಚ್ಚು. ಬಿಡಲು ಮನಸ್ಸಿದ್ದರೆ ನಾನು ಸಹಾಯ ಮಾಡುತ್ತೇನೆ" ಎಂದರು. ಬೈಗುಳವಿಲ್ಲ, ಉಪನ್ಯಾಸವಿಲ್ಲ. ಎರಡು ನಿಮಿಷವೂ ಹಿಡಿಯಲಿಲ್ಲ.

ಎರಡು ನಿಮಿಷದ ಮಾತಿಗೆ ಬೆಲೆ ಉಂಟೆ? ಉಂಟು. ಲಂಡನ್ನಿನಲ್ಲಿ 28 ಡಾಕ್ಟರುಗಳು ತಮ್ಮಲ್ಲಿಗೆ ಬಂದ 2,138 ಮಂದಿ ಸಿಗರೇಟು ಸೇದುವವರ ಮೇಲೆ ಇದನ್ನು ಪರೀಕ್ಷಿಸಿ ನೋಡಿದರು. ಅದರ ವರದಿ 1979ರಲ್ಲಿ ಪ್ರಕಟವಾಯಿತು. ಏನೂ ಹೇಳಿಸಿಕೊಳ್ಳದೆ ಹೋದವರಲ್ಲಿ ಒಂದು ವರ್ಷದ ತನಕ ಬಿಟ್ಟು ನಿಂತವರು ಸಾವಿರಕ್ಕೆ 3ರ ಲೆಕ್ಕ. ಒಂದೆರಡು ನಿಮಿಷ ಬುದ್ಧಿ ಹೇಳಿ, ಒಂದು ಕರಪತ್ರ ಕೊಟ್ಟು, "ಮುಂದೆಯೂ ವಿಚಾರಿಸುತ್ತೇವೆ" ಎಂದು ಹೇಳಿ ಕಳಿಸಿದವರಲ್ಲಿ ಸಾವಿರಕ್ಕೆ 51. ಸಾವಿರಕ್ಕೆ ಐವತ್ತೊಂದು ಚಿಲ್ಲರೆ ಲೆಕ್ಕ ಎನ್ನಬೇಡಿ. ಡಾಕ್ಟರ ಬಳಿಗೆ ಊರಿಗೆ ಊರೇ ಬರುತ್ತದೆ. ಪ್ರತಿಯೊಬ್ಬರಿಗೂ ಎರಡು ನಿಮಿಷ ಸಿಕ್ಕರೆ ಎಷ್ಟು ಮನೆ ಉಳಿದಾವು!

ನಮ್ಮ ದೇಶದ ಹಳ್ಳಿಗಳಲ್ಲೂ ಇದು ನಡೆದಿದೆ. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ದಂತ ಸಂಶೋಧನಾ ಘಟಕದವರು ಕೇರಳದ ಎರ್ನಾಕುಲಂ, ಗುಜರಾತಿನ ಭಾವನಗರ, ಆಂಧ್ರದ ಶ್ರೀಕಾಕುಳಂ ಜಿಲ್ಲೆಗಳ ಹಳ್ಳಿಗಳಲ್ಲಿ 36,000ಕ್ಕೂ ಹೆಚ್ಚು ಮಂದಿ ಹೊಗೆಸೊಪ್ಪು ಬಳಸುವವರನ್ನು ಆರಿಸಿಕೊಂಡರು. ಮನೆ ಮನೆಗೆ ಹೋಗಿ ಬಾಯಿ ನೋಡಿದರು, ತಿಳಿಯಹೇಳಿದರು, ವರುಷ ವರುಷವೂ ತಿರುಗಿ ಬಂದು ನೋಡಿದರು. ಐದು ವರ್ಷದ ಫಲಿತಾಂಶ 1986ರಲ್ಲಿ ಪ್ರಕಟವಾಯಿತು. ಬಿಟ್ಟವರ ಸಂಖ್ಯೆ ಹೆಚ್ಚಿತು. ಎರ್ನಾಕುಲಂ ಮತ್ತು ಭಾವನಗರಗಳಲ್ಲಿ, ನಾನು ಆಗಲೇ ಹೇಳಿದಂಥ ಬಿಳಿ ಮಚ್ಚೆ ಹೊಸದಾಗಿ ಹುಟ್ಟುವುದು ಕಡಿಮೆಯಾಯಿತು.

ತಿರುವನಂತಪುರ ಜಿಲ್ಲೆಯಲ್ಲಿ ಡಾಕ್ಟರಲ್ಲದ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಗಳಿಗೆ ಹೋಗಿ ಬಾಯಿ ಪರೀಕ್ಷೆ ಮಾಡಿದರು. 2005ರಲ್ಲಿ ಪ್ರಕಟವಾದ ಅದರ ವರದಿಯ ಪ್ರಕಾರ, ಹೊಗೆಸೊಪ್ಪು ಇಲ್ಲವೆ ಮದ್ಯದ ಅಭ್ಯಾಸವುಳ್ಳವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರರಲ್ಲಿ ಒಂದು ಪಾಲು ತಗ್ಗಿತು. ಬರಿಗಣ್ಣು, ಒಂದು ಬೆಳಕು, ಇಷ್ಟೇ ಸಾಧನ. ನಮ್ಮ ಚಿಕ್ಕಪ್ಪನಿಗೆ ದಕ್ಕದೆ ಹೋದದ್ದೂ ಇಷ್ಟೇ.

ಇನ್ನು, ಬಿಡಿಸುವ ಡಾಕ್ಟರುಗಳು ಮಾಡುವ ಕೆಲಸ ಏನು? ಐದು ಮೆಟ್ಟಿಲು. ಮೊದಲನೆಯದು, ಕೇಳುವುದು: ಯಾವುದು, ಎಷ್ಟು, ಎಷ್ಟು ವರ್ಷದಿಂದ. ಎರಡನೆಯದು, ಬಿಡಿ ಎಂದು ಸ್ಪಷ್ಟವಾಗಿ ಹೇಳುವುದು. ಮೂರನೆಯದು, ಮನಸ್ಸು ಸಿದ್ಧವಾಗಿದೆಯೋ ಇಲ್ಲವೋ ಅಳೆಯುವುದು. ನಾಲ್ಕನೆಯದು, ದಾರಿ ತೋರಿಸಿ ಬೇಕಾದರೆ ಔಷಧ ಕೊಡುವುದು. ಐದನೆಯದು, ಇಂಥ ದಿನ ಮತ್ತೆ ಬನ್ನಿ ಎಂದು ಗೊತ್ತು ಮಾಡುವುದು. ಮಣ್ಣು ಪರೀಕ್ಷೆ ಮಾಡದೆ ಗೊಬ್ಬರ ಹೇಳಬಾರದು ಎಂದು ನಾವು ಹೇಳುವುದಿಲ್ಲವೆ? ಹಾಗೆಯೇ ನಿಮ್ಮ ನಿಜವಾದ ಲೆಕ್ಕ ತಿಳಿಯದೆ ಅವರು ಉಪಾಯ ಹೇಳಲಾರರು. ಆದ್ದರಿಂದ ಸುಳ್ಳು ಹೇಳಬೇಡಿ. ನನ್ನ ಹಾಗೆ "ಒಂದೊಂದು ಸಲ" ಎನ್ನಬೇಡಿ. ಎಂಟು ಪೊಟ್ಟಣವಾದರೆ ಎಂಟು ಎನ್ನಿ. ಬೆಳಿಗ್ಗೆ ಎದ್ದ ಅರ್ಧ ಗಂಟೆಯೊಳಗೆ ಬೇಕೇ ಬೇಕು ಎನ್ನುವವರಾದರೆ ಅದನ್ನು ತಪ್ಪದೆ ಹೇಳಿ. ಅಭ್ಯಾಸ ಎಷ್ಟು ಆಳಕ್ಕೆ ಇಳಿದಿದೆ ಎಂಬುದು ಅದರಿಂದ ಗೊತ್ತಾಗುತ್ತದೆ.

ಬಿಡುವ ಕ್ರಮ ಹೀಗೆ. ಮುಂದಿನ ಎರಡು ವಾರದೊಳಗೆ ಒಂದು ದಿನ ಗೊತ್ತು ಮಾಡಿಕೊಳ್ಳಿ. ಜಾತ್ರೆ, ಮದುವೆ, ನಾಟಿ, ಬ್ಯಾರನ್‌ಗೆ ರಾತ್ರಿಯೆಲ್ಲ ಬೆಂಕಿ ಕಾಯುವ ದಿನಗಳು ಬೇಡ. ಮನೆಯವರಿಗೆ, ಜೊತೆ ಕೆಲಸದವರಿಗೆ ಆ ದಿನ ತಿಳಿಸಿಬಿಡಿ. ಹಿಂದಿನ ರಾತ್ರಿ ಮನೆಯಲ್ಲಿ, ಅಂಗಿ ಜೇಬಿನಲ್ಲಿ, ಎತ್ತಿನ ಕೊಟ್ಟಿಗೆಯ ಸಂದಿನಲ್ಲಿ ಇಟ್ಟ ಪೊಟ್ಟಣಗಳನ್ನೆಲ್ಲ ತೆಗೆದು ಹೂತುಬಿಡಿ. ಬಿಟ್ಟ ಮೊದಲ ಮೂರು ದಿನ ಬಹಳ ಕಷ್ಟ. ಸಿಟ್ಟು ಬರುತ್ತದೆ, ನಿದ್ದೆ ಕೆಡುತ್ತದೆ, ಮಲಬದ್ಧತೆಯೂ ಆಗಬಹುದು. ಮೂರು ನಾಲ್ಕು ವಾರದಲ್ಲಿ ಇದೆಲ್ಲ ಇಳಿಯುತ್ತದೆ. ಬೇಕು ಎನ್ನುವ ಚಡಪಡಿಕೆ ಒಂದೊಂದು ಸಲವೂ ಐದು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಆ ಹತ್ತು ನಿಮಿಷ ತಳ್ಳಿದರೆ ಸರಿ: ಒಂದು ಲೋಟ ನೀರು ನಿಧಾನವಾಗಿ ಕುಡಿಯಿರಿ, ಸೋಂಪು ಅಥವಾ ಏಲಕ್ಕಿ ಬಾಯಿಗೆ ಹಾಕಿ, ದನಕ್ಕೆ ನೀರು ತೋರಿಸಲು ಹೊರಡಿ. ಬದಲಿಗೆ ಅಡಿಕೆ ಮಾತ್ರ ಹಾಕಿಕೊಳ್ಳುತ್ತೇನೆ ಎನ್ನಬೇಡಿ. ಹೊಗೆಸೊಪ್ಪಿಲ್ಲದ ಅಡಿಕೆಯೂ ಕ್ಯಾನ್ಸರಿಗೆ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಅಡಿಕೆ ಜಗಿದು ಜಗಿದು ಕೆನ್ನೆಯ ಒಳಪದರ ಹಗ್ಗದಂತೆ ಬಿಗಿದು, ತುತ್ತು ಹೋಗುವಷ್ಟೂ ಬಾಯಿ ತೆರೆಯದ ಹುಡುಗರನ್ನು ಹಲ್ಲಿನ ಆಸ್ಪತ್ರೆಗಳಲ್ಲಿ ಕಾಣಬಹುದು.

ಅಭ್ಯಾಸ ಆಳವಾಗಿದ್ದರೆ ನಿಕೋಟಿನ್ ಅಂಟು, ಅಂದರೆ ಜಗಿಯುವ ಗಮ್ ಕೊಡುತ್ತಾರೆ. ವಿಷ ಬಿಡಿಸಲು ವಿಷವೇ ಎಂದು ಗಾಬರಿ ಬೇಡ. ಹಗ್ಗದ ಮಾತು ನೆನಪಿದೆಯಲ್ಲ? ಸೊಪ್ಪಿನ ಇತರ ರಾಸಾಯನಿಕಗಳಿಲ್ಲದೆ, ನಿಕೋಟಿನ್ ಮಾತ್ರ ಅಳತೆಯಲ್ಲಿ ಕೊಟ್ಟು, ಹಗ್ಗವನ್ನು ಸಡಿಲ ಮಾಡುತ್ತ ಬಂದು ಸುಮಾರು ಮೂರು ತಿಂಗಳಲ್ಲಿ ಬಿಚ್ಚುವ ಉಪಾಯ ಇದು. ಅದನ್ನು ಎಲೆಯಡಿಕೆಯಂತೆ ಜಗಿಯುತ್ತಲೇ ಇರಬಾರದು. ಖಾರ ಚುರುಗುಟ್ಟುವ ತನಕ ನಿಧಾನವಾಗಿ ಜಗಿದು, ಕೆನ್ನೆ ಒಸಡಿನ ನಡುವೆ ಇಟ್ಟುಕೊಳ್ಳಬೇಕು. ಚುರುಕು ಹೋದ ಮೇಲೆ ಮತ್ತೆ ನಾಲ್ಕು ಸಲ ಜಗಿದು ಇಡಬೇಕು. ಹೀಗೆ ಅರ್ಧ ಗಂಟೆ. ಅದಕ್ಕೆ ಕಾಲು ಗಂಟೆ ಮೊದಲು ಕಾಫಿ, ಹುಳಿ ಪಾನಕ ಕುಡಿಯಬಾರದು. ದಿನಕ್ಕೆ ಎಷ್ಟು ಎಂಬುದನ್ನು ಡಾಕ್ಟರೇ ಹೇಳಬೇಕು. ಗರ್ಭಿಣಿಯರು, ಹೃದಯದ ಕಾಯಿಲೆಯವರು ಅವರನ್ನು ಕೇಳದೆ ಮುಟ್ಟಬಾರದು. ನುಂಗುವ ಮಾತ್ರೆಗಳೂ ಇವೆ. ಅವೂ ಡಾಕ್ಟರ ಚೀಟಿಯ ಮೇಲೆಯೇ.

ಈಗ ನನ್ನ ಕಥೆ ಮುಗಿಸುತ್ತೇನೆ. ಡಾಕ್ಟರಮ್ಮ ಹೇಳಿದಂತೆ ನಾನು ಬಿಟ್ಟೆ. ಒಂಬತ್ತು ದಿನ ಬಿಟ್ಟಿದ್ದೆ. ಹತ್ತನೆಯ ದಿನ ಒಂದು ಮದುವೆ ಮನೆಯಲ್ಲಿ ಸ್ನೇಹಿತರು ಅಂಗೈ ಚಾಚಿದರು, ಹಾಕಿಕೊಂಡೆ. ಅವರು ಹೇಳಿದ ದಿನ ಆಸ್ಪತ್ರೆಗೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ! ಎರಡು ತಿಂಗಳು ಆ ರಸ್ತೆಯನ್ನೇ ತಪ್ಪಿಸಿ ಓಡಾಡಿದೆ.

ಆ ಕಾಲದಲ್ಲಿಯೇ ಒಂದು ಹಳ್ಳಿಯಲ್ಲಿ, ಬೀಜೋಪಚಾರ ಮಾಡದೆ ಬಿತ್ತಿದ ರೈತರೊಬ್ಬರು ನನ್ನ ಬೈಕಿನ ಸದ್ದು ಕೇಳಿ ಹಿಂಬಾಗಿಲಿನಿಂದ ಹೊಲಕ್ಕೆ ಹೊರಟುಹೋದರು. ಹಿಂದಿನ ವರ್ಷ ನಾಲ್ಕು ಜನರ ಮುಂದೆ ನಾನು ಅವರನ್ನು ಗದರಿದ್ದೆ. ಆ ದಿನ ನನಗೆ ಅರ್ಥವಾಯಿತು: ಬೈಯುವವರ ಮುಂದೆ ಯಾರೂ ಬಾಯಿ ತೆರೆಯುವುದಿಲ್ಲ. ಚಿಕ್ಕಪ್ಪ ತೆರೆಯಲಿಲ್ಲ, ಈ ರೈತರು ತೆರೆಯಲಿಲ್ಲ. ಆದರೆ ನನ್ನನ್ನು ಯಾರೂ ಬೈದಿರಲಿಲ್ಲ. ನನ್ನ ನಾಚಿಕೆಯೇ ನನ್ನನ್ನು ತಡೆದಿತ್ತು.

ಮಾರನೆಯ ವಾರ ಆಸ್ಪತ್ರೆಯ ನರ್ಸಮ್ಮ ಫೋನು ಮಾಡಿ, "ಯಾಕೆ ಬರಲಿಲ್ಲ? ಡಾಕ್ಟರು ಕೇಳುತ್ತಿದ್ದಾರೆ" ಎಂದರು. ಹೋದೆ. ನಡೆದದ್ದು ಹೇಳಿದೆ. ಡಾಕ್ಟರಮ್ಮ ಕೇಳಿದ್ದು ಇಷ್ಟೆ: "ಒಂಬತ್ತು ದಿನ ಹೇಗೆ ತಡೆದಿರಿ? ಹತ್ತನೆಯ ದಿನ ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ?" ಅದನ್ನು ಬರೆದುಕೊಂಡು ಹೊಸ ದಿನ ಗೊತ್ತು ಮಾಡಿದರು. ಗಮ್ ಕೊಟ್ಟರು. ಮೊದಲ ವಾರ ಒಂದು ಸಾರಿ, ತಿಂಗಳಿಗೆ ಒಂದು ಸಾರಿ, ಮೂರು ತಿಂಗಳಿಗೆ ಒಂದು ಸಾರಿ ಕರೆದು ನೋಡಿದರು. ಆರು ವಾರದಲ್ಲಿ ಮಚ್ಚೆ ತೆಳುವಾಯಿತು, ಆಮೇಲೆ ಕಾಣದಾಯಿತು. ನಾನು ಬಿಟ್ಟು ಈಗ ಮೂರು ವರ್ಷ ಆಗಿದೆ.

ಜೇಕಿನ ಕಳೆಯನ್ನು ಒಂದೇ ಸಾರಿ ಕಿತ್ತು ಯಾರಾದರೂ ಗೆದ್ದಿದ್ದಾರೆಯೆ? ಮಣ್ಣೊಳಗೆ ಗಡ್ಡೆ ಉಳಿದಿರುತ್ತದೆ, ಮತ್ತೆ ಚಿಗುರುತ್ತದೆ, ಮತ್ತೆ ಕೀಳುತ್ತೇವೆ. ಚಿಗುರಿತು ಎಂದು ಹೊಲ ಬೀಳು ಬಿಡುವುದಿಲ್ಲ. ಇದೂ ಹಾಗೆಯೇ. ಬಿಟ್ಟವರಲ್ಲಿ ಹೆಚ್ಚಿನವರು ಮೊದಲು ಒಂದೆರಡು ಸಾರಿ ಸೋತವರೇ.

ಎಲ್ಲಿಗೆ ಹೋಗಬೇಕು ಎಂದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಆರಂಭಿಸಿ. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿ. 30 ವರ್ಷ ದಾಟಿದವರ ಬಾಯಿ ಪರೀಕ್ಷೆ ಸರಕಾರದ ಆರೋಗ್ಯ ಕಾರ್ಯಕ್ರಮದಲ್ಲಿಯೇ ಸೇರಿದೆ. ತಾಲ್ಲೂಕು ಆಸ್ಪತ್ರೆಯ ಹಲ್ಲಿನ ಡಾಕ್ಟರು, ಜಿಲ್ಲಾ ಆಸ್ಪತ್ರೆ, ದಂತ ವೈದ್ಯ ಕಾಲೇಜು, ಇಲ್ಲೆಲ್ಲ ವಿಚಾರಿಸಬಹುದು. ಆಸ್ಪತ್ರೆಗೆ ಹೋಗಲು ಸಂಕೋಚವಾದರೆ ದೂರವಾಣಿ ಇದೆ: 1800-11-2356. ಇದು 2016ರಲ್ಲಿ ಆರಂಭವಾದ ರಾಷ್ಟ್ರೀಯ ಸಹಾಯವಾಣಿ, ದುಡ್ಡು ಬೀಳುವುದಿಲ್ಲ. 2018ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯೂ ಇದರಲ್ಲಿ ಸೇರಿದ್ದರಿಂದ ಕನ್ನಡದಲ್ಲಿ ಮಾತನಾಡುವವರು ಸಿಗುತ್ತಾರೆ.

ಬಿಡುವವರು, ಬಿಡದವರು ಎಲ್ಲರೂ ತಿಂಗಳಿಗೊಮ್ಮೆ ಬಿಸಿಲಿನಲ್ಲಿ ಕನ್ನಡಿ ಹಿಡಿದು ಬಾಯಿ ನೋಡಿಕೊಳ್ಳಿ. ಎರಡು ವಾರವಾದರೂ ಮಾಯದ ಹುಣ್ಣು, ಒರೆಸಿದರೆ ಹೋಗದ ಬಿಳಿ ಅಥವಾ ಕೆಂಪು ಮಚ್ಚೆ, ಖಾರ ತಿಂದರೆ ತಡೆಯಲಾಗದ ಉರಿ, ಮೂರು ಬೆರಳು ನಿಲ್ಲಿಸಿ ಇಡುವಷ್ಟು ತೆರೆಯದ ಬಾಯಿ, ಕತ್ತಿನಲ್ಲಿ ಗಂಟು, ಇವುಗಳಲ್ಲಿ ಯಾವುದೊಂದು ಕಂಡರೂ ನೋವಿಲ್ಲವೆಂದು ಸುಮ್ಮನಿರಬೇಡಿ. ಆರಂಭದಲ್ಲಿ ನೋವೇ ಇರುವುದಿಲ್ಲ. ಡಾಕ್ಟರು ಬಾಯಿ ನೋಡದೆ ಮಾತ್ರೆ ಬರೆದರೆ, "ಸ್ವಾಮಿ, ಬೆಳಕು ಹಿಡಿದು ಒಂದು ಸಾರಿ ಒಳಗೆ ನೋಡಿ" ಎಂದು ಕೇಳಿ. ಕೇಳುವುದು ತಪ್ಪಲ್ಲ.

ತಾಯಂದಿರಿಗೆ ಒಂದು ಮಾತು. ಎಲೆಯಡಿಕೆಯ ಜೊತೆ ಹೊಗೆಸೊಪ್ಪು ಹಾಕುವ, ನಶ್ಯವನ್ನು ಒಸಡಿಗೆ ತಿಕ್ಕುವ ಹೆಂಗಸರೂ ಇದ್ದಾರೆ. ನಿಮಗೂ ಮೇಲೆ ಹೇಳಿದ್ದೆಲ್ಲ ಅನ್ವಯಿಸುತ್ತದೆ. ಬಸುರಿಯಲ್ಲಿ ಹಾಕಿದರೆ ಮಗು ತೂಕ ಕಡಿಮೆಯಾಗಿ ಹುಟ್ಟುವ ಭಯವುಂಟು. ಮನೆಯ ಗಂಡಸು ಬಿಡಲು ಹೊರಟು ಜಾರಿದರೆ, "ನಿನ್ನ ಕೈಯಲ್ಲಿ ಆಗಲ್ಲ ಅಂತ ಗೊತ್ತಿತ್ತು" ಎನ್ನಬೇಡಿ. "ನಾಳೆಯಿಂದ ಮತ್ತೆ ನೋಡೋಣ" ಎನ್ನಿ. ಮಕ್ಕಳ ಕೈಗೆ ಕಾಸು ಕೊಟ್ಟು ಅಂಗಡಿಯಿಂದ ಪೊಟ್ಟಣ ತರಿಸಬೇಡಿ.

ಬಂಧುಗಳೆ, ಇಷ್ಟು ಹೇಳಿದ್ದರಲ್ಲಿ ಒಂದನ್ನು ಮಾತ್ರ ನೆನಪಿಡುವುದಾದರೆ ಇದನ್ನು ನೆನಪಿಡಿ. ಬಾಯಿ ತೆರೆದು ತೋರಿಸಿ, ನಿಜ ಹೇಳಿ, ಸೋತರೂ ಮತ್ತೆ ಹೋಗಿ. ಇದನ್ನು ಕೇಳುತ್ತಿರುವ ಡಾಕ್ಟರುಗಳು, ದಾದಿಯರು, ಆಶಾ ಸೋದರಿಯರು ಇದ್ದರೆ ಅವರಲ್ಲಿ ನನ್ನ ಬಿನ್ನಹ: ಬರಲಿಲ್ಲವೆಂದು ಬಿಡಬೇಡಿ, ಇನ್ನೊಂದು ಸಾರಿ ಕರೆಯಿರಿ. ನನ್ನ ವಿಷಯದಲ್ಲಿ ಕೆಲಸ ಮಾಡಿದ್ದು ಆ ಎರಡನೆಯ ಕರೆಯೇ.

ಮುಂದಿನ ವಾರ ಅವರೆಗೆ ಬೀಳುವ ಕಾಯಿಕೊರಕ ಹುಳುವಿನ ಹತೋಟಿಯನ್ನು ಕುರಿತು ಮಾತನಾಡೋಣ.